ಹವಾಮಾನ ಯಂತ್ರಕ್ಕೆ ದೇಶಾಂತರ ಸಂಸ್ಕಾರ

ಒಮಾನ್ ದೇಶದ ಮಸ್ಕತ್ ಆಡಳಿತ ಪ್ರಾಂತಕ್ಕೆ ಸೇರಿದ, ವಿಲಾಯತ್ ಎಂಬ ಆರು ಉಪವಿಭಾಗಗಳಲ್ಲಿ ಒಂದಾದ ಬೌಷರ್, ಉತ್ತರದಲ್ಲಿ ಒಮಾನ್ ಕೊಲ್ಲಿಯ ಕಡಲನ್ನೂ ದಕ್ಷಿಣದಲ್ಲಿ ಹಸಿರಿಲ್ಲದ ಕಲ್ಲುಬೆಟ್ಟಗಳ ಸಾಲನ್ನೂ ಎಲ್ಲೆಯಾಗಿ ಪಡೆದು, ಅವೆರಡರ ನಡುವಣ ಕಿರಿದಾದ ಬಯಲಿನಲ್ಲಿ ಅಝೈಬಾ, ಗುಬ್ರಾ, ಘಲಾ, ಅಲ್ ಖುವೈರ್ ಮೊದಲಾದ ಬಡಾವಣೆಗಳನ್ನು ಹರಡಿಕೊಂಡಿರುವ ಪ್ರದೇಶ. ಜಗತ್ಪ್ರಸಿದ್ಧವಾದ ಸುಲ್ತಾನ್ ಕಾಬೂಸ್ ಮಹಾ ಮಸೀದಿ ಇರುವುದು ಇಲ್ಲಿಯೇ. ಘಲಾದ ಬಿಸಿನೀರಿನ ಬುಗ್ಗೆ, ಖರ್ಜೂರದ ತೋಟಗಳಿಗೆ ನೀರೊಯ್ಯುವ ಫಲಜ್ ಎಂಬ ಪುರಾತನ ಕಾಲುವೆ, ಮನೆಗಳ ಮಗ್ಗುಲಲ್ಲೇ ಎದ್ದು ನಿಂತ ಮರಳದಿಣ್ಣೆಗಳು, ಇವೆಲ್ಲವೂ ಒಂದೇ ವಿಲಾಯತ್ತಿನೊಳಗೆ ಇರುವುದರಿಂದ, ಕಡಲಂಚಿನ ಮನೆಯವನು ತೇವದ ಸೆಕೆಯಲ್ಲಿ ಬೆವರುತ್ತಿರುವಾಗ ಬೆಟ್ಟದ ಬುಡದ ಮನೆಯವನು ಒಣಗಾಳಿಯಲ್ಲಿ ಬೇಯುತ್ತಿರುವುದೂ ಅಸಂಭವವೇನಲ್ಲ. ಉದ್ಯೋಗವನ್ನು ಅರಸಿ ಬಂದು ಮಕ್ಕಳನ್ನು ಇಲ್ಲಿನ ಭಾರತೀಯ ಶಾಲೆಗಳಿಗೆ ಸೇರಿಸಿ ನೆಲೆನಿಂತಿರುವ ಕನ್ನಡ ಕುಟುಂಬಗಳಿಗೆ, ಅದರಲ್ಲಿಯೂ ಜೂನ್ ತಿಂಗಳೆಂದರೆ ಮಳೆ ಎಂದೇ ತಿಳಿದು ಬೆಳೆದ ಕರಾವಳಿ ಮಲೆನಾಡುಗಳ ಜನರಿಗೆ, ಈ ಹವೆಯನ್ನು ಅರಿತುಕೊಳ್ಳುವುದೇ ಒಂದು ಹೊಸ ವಿದ್ಯಾಭ್ಯಾಸ.

ಇಂತಹ ಮನೆಯೊಂದರ ಮಾಳಿಗೆಯ ಮೇಲೆ, ಇಂದು ಸಾಮಾನ್ಯ ಗೃಹಸ್ಥನಿಗೂ ಎಟಕುವ ಬೆಲೆಗೆ ದೊರೆಯುವ ಒಂದು ಪುಟ್ಟ ಹವಾಮಾನ ಯಂತ್ರವನ್ನು ನಿಲ್ಲಿಸಿದ್ದಾರೆಂದು ಭಾವಿಸೋಣ. ಉಷ್ಣಾಂಶ, ಆರ್ದ್ರತೆ, ಗಾಳಿಯ ವೇಗ ಮತ್ತು ದಿಕ್ಕು, ವಾಯುಭಾರ, ಮಳೆ, ಇವನ್ನು ಅಳೆಯುವ ಸಂವೇದಕಗಳು ತಮ್ಮ ಅಂಕೆಗಳನ್ನು ಮನೆಯೊಳಗಿನ ಪೆಟ್ಟಿಗೆಗೆ ಕಳುಹಿಸುತ್ತವೆ. ಅಲ್ಲಿಂದ ಅವು ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರಿಗೆ ಸಾಗುತ್ತವೆ. ಆ ಕಂಪ್ಯೂಟರಿನಲ್ಲಿರುವ ತಂತ್ರಾಂಶವು ಅವನ್ನು ಶೇಖರಿಸಿ, ಲೆಕ್ಕಹಾಕಿ, ಪಟ್ಟಿಗಳಾಗಿಯೂ ನಕ್ಷೆಗಳಾಗಿಯೂ ಪರದೆಯ ಮೇಲೆ ತೋರಿಸುತ್ತದೆ. ಈ ಬಗೆಯ ತಂತ್ರಾಂಶಗಳಲ್ಲಿ ಅಮೆರಿಕದ ಟಾಮ್ ಕೆಫರ್ ಅವರು ಪೈಥಾನ್ ಭಾಷೆಯಲ್ಲಿ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ವೀಡಬ್ಲ್ಯುಎಕ್ಸ್ ಎಂಬುದು ಹವ್ಯಾಸಿಗಳಲ್ಲಿ ಬಹಳ ಪ್ರಚುರವಾದುದು. ಅದರ ನಡವಳಿಕೆಯನ್ನೆಲ್ಲ ನಿರ್ಧರಿಸುವುದು ಸಂರಚನಾ ಕಡತ, ಎಂದರೆ ಬಳಕೆಯ ಮಾತಿನಲ್ಲಿ ಕಾನ್ಫಿಗ್ ಫೈಲ್. ಯಾವ ಗೂಢಲಿಪಿಯೂ ಇಲ್ಲದೆ, ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಸಾದಾ ಅಕ್ಷರಗಳ ಕಡತವದು. ಆಯ್ಕೆಯನ್ನು ಹೇಳುವ ಪ್ರತಿಯೊಂದು ಸಾಲಿನಲ್ಲಿಯೂ ಎಡಕ್ಕೊಂದು ಹೆಸರು, ನಡುವೆ ಸಮಚಿಹ್ನೆ, ಬಲಕ್ಕೊಂದು ಬೆಲೆ.

ನಮ್ಮ ಪಂಚಾಂಗಕರ್ತರು ಒಂದು ಊರಿನ ಸೂರ್ಯೋದಯಕ್ಕೆ ಗಣಿಸಿದ ತಿಥಿಯನ್ನು ಮತ್ತೊಂದು ಊರಿಗೆ ಅನ್ವಯಿಸುವ ಮುನ್ನ ದೇಶಾಂತರ ಸಂಸ್ಕಾರವನ್ನು, ಎಂದರೆ ರೇಖಾಂಶದ ಭೇದಕ್ಕೆ ತಕ್ಕ ತಿದ್ದುಪಡಿಯನ್ನು, ಮಾಡತಕ್ಕದ್ದೆಂದು ವಿಧಿಸಿದಂತೆ, ಎಲ್ಲಿಯೋ ರಚಿತವಾದ ಈ ತಂತ್ರಾಂಶಕ್ಕೂ ಅದು ನಿಲ್ಲುವ ನೆಲದ ಸಂಸ್ಕಾರವನ್ನು ಕೊಡಲೇಬೇಕು. ಕಡತದಲ್ಲಿ ಮೊದಲೇ ತುಂಬಿರುವ ಬೆಲೆಗಳು ಬೇರೆ ಯಾವುದೋ ಹವೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಅವನ್ನು ಹಾಗೆಯೇ ಬಿಟ್ಟರೆ ಯಂತ್ರವು ಕೆಡದೆ, ನಿಲ್ಲದೆ, ಪ್ರತಿ ಐದು ನಿಮಿಷಕ್ಕೊಮ್ಮೆ ಅಚ್ಚುಕಟ್ಟಾಗಿ ತಪ್ಪನ್ನೇ ಹೇಳುತ್ತಿರುತ್ತದೆ. ಬಣ್ಣ ಬದಲಿಸಿ ಶೀರ್ಷಿಕೆಯನ್ನು ದೊಡ್ಡದು ಮಾಡುವುದಕ್ಕೆ ಅನೇಕರು ಸಂರಚನೆಯೆಂದು ಹೆಸರಿಡುತ್ತಾರೆ. ಆದರೆ ಈ ಕಾರ್ಯದ ಜೀವಾಳವಿರುವುದು ಸತ್ಯನಿಷ್ಠೆಯಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಸ್ಥಾನನಿರ್ದೇಶವನ್ನು ನೋಡೋಣ. ಬೌಷರ್ ಇರುವುದು ಉತ್ತರ ಅಕ್ಷಾಂಶ ಇಪ್ಪತ್ತಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತದ ಬಳಿಯಲ್ಲಿಯೇ. ಆದ್ದರಿಂದ ಜೂನ್ ಇಪ್ಪತ್ತೊಂದರ ಮಧ್ಯಾಹ್ನ ಸೂರ್ಯನು ಇಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ರೇಖಾಂಶವು ಪೂರ್ವಕ್ಕೆ ಸುಮಾರು 58.4 ಡಿಗ್ರಿ. ಪೂರ್ವ ರೇಖಾಂಶವನ್ನು ಧನಸಂಖ್ಯೆಯಾಗಿಯೂ ಪಶ್ಚಿಮ ರೇಖಾಂಶವನ್ನು ಋಣಸಂಖ್ಯೆಯಾಗಿಯೂ ಬರೆಯುವುದು ಕಡತದ ನಿಯಮ. ಅಮೆರಿಕದ ಮಾದರಿಯನ್ನು ನೋಡಿ ನಕಲಿಸುವವನು ಋಣಚಿಹ್ನೆಯನ್ನು ಅಳಿಸಲು ಮರೆತನೆಂದರೆ, ಬೌಷರಿನ ಮನೆಯು ಒಂದೇ ಗೆರೆಯ ದೆಸೆಯಿಂದ ಅಟ್ಲಾಂಟಿಕ್ ಮಹಾಸಾಗರದ ನಡುನೀರಿಗೆ ಹೋಗಿಬಿಡುತ್ತದೆ. ಸೂರ್ಯೋದಯ ಸೂರ್ಯಾಸ್ತಗಳ ವೇಳೆ, ನಕ್ಷೆಯಲ್ಲಿ ಇರುಳು ಹಗಲುಗಳನ್ನು ಬೇರ್ಪಡಿಸುವ ಛಾಯೆ, ಎಲ್ಲವೂ ಅಲ್ಲೋಲಕಲ್ಲೋಲವಾಗುತ್ತವೆ.

ಇಂತಹ ತಪ್ಪು ಕಣ್ಣಿಗೆ ಬೀಳುವಂಥದು; ಬೇಗ ಗೊತ್ತಾಗಿ ತಿದ್ದಲ್ಪಡುತ್ತದೆ. ಎತ್ತರದ ತಪ್ಪು ಹಾಗಲ್ಲ. ವಾಯುಭಾರವು ನೆಲದ ಎತ್ತರವೇರಿದಂತೆ ಇಳಿಯುತ್ತದೆ, ಸಮುದ್ರಮಟ್ಟದ ಬಳಿ ಎಂಟೊಂಬತ್ತು ಮೀಟರಿಗೆ ಸುಮಾರು ಒಂದು ಹೆಕ್ಟೋಪಾಸ್ಕಲ್‌ನಂತೆ. ಬೇರೆ ಬೇರೆ ಎತ್ತರದ ಊರುಗಳ ಭಾರವನ್ನು ಒಂದಕ್ಕೊಂದು ಹೋಲಿಸಿ ನೋಡಬೇಕಾದ ಕಾರಣ, ಎಲ್ಲವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುವುದು ಹವಾಮಾನ ಶಾಸ್ತ್ರದ ರೂಢಿ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಯಂತ್ರವು ಅಳೆಯುವ ಭಾರ 910ರ ಸುಮಾರಿನಲ್ಲಿದ್ದರೂ ವರದಿಯಲ್ಲಿ ಸಾವಿರದ ಮೇಲಿನ ಸಂಖ್ಯೆ ಬರುವುದು ಈ ಲೆಕ್ಕದಿಂದಲೇ. ವೀಡಬ್ಲ್ಯುಎಕ್ಸ್‌ನ ಕೆಲವು ಆವೃತ್ತಿಗಳ ಮಾದರಿಯಲ್ಲಿ ಎತ್ತರವೆಂದು ಬರೆದಿರುವುದು 700 ಅಡಿ, ಎಂದರೆ 213 ಮೀಟರ್. ಸಮುದ್ರಮಟ್ಟದಿಂದ ಇಪ್ಪತ್ತು ಮೀಟರ್ ಮೇಲಿರುವ ಗುಬ್ರಾದ ಮನೆಯವನು ಅದನ್ನು ಬದಲಿಸದೆ ಬಿಟ್ಟರೆ, ಪರದೆಯ ಮೇಲಿನ ವಾಯುಭಾರವು ನಿಜಕ್ಕಿಂತ ಇಪ್ಪತ್ತಕ್ಕೂ ಮಿಕ್ಕಿ ಹೆಚ್ಚಾಗಿರುತ್ತದೆ. ಒಮಾನಿನ ಕಡುಬೇಸಿಗೆಯಲ್ಲಿ ನೆಲದ ಕಾವಿನಿಂದ ವಾಯುಭಾರವು ಸಾವಿರದ ಸುತ್ತಮುತ್ತ ಇಳಿದಿರುವುದು ಸಹಜ; ಆ ಯಂತ್ರವಾದರೋ ಚಳಿಗಾಲದ ನಿರ್ಮಲ ದಿನದ ಸಂಖ್ಯೆಯನ್ನು ತೋರುತ್ತಿರುತ್ತದೆ. 2007ರ ಜೂನ್ ತಿಂಗಳ ಮೊದಲ ವಾರದಲ್ಲಿ ಮಸ್ಕತ್ತನ್ನು ಜಲಾವೃತಗೊಳಿಸಿದ ಗೋನು, 2010ರ ಫೆಟ್, 2021ರ ಅಕ್ಟೋಬರ್ 3ರಂದು ಬಾತಿನಾ ಕರಾವಳಿಯನ್ನು ಹೊಕ್ಕ ಶಾಹೀನ್, ಹೀಗೆ ಚಂಡಮಾರುತಗಳ ಹೊಡೆತವನ್ನು ಬಲ್ಲ ತೀರದಲ್ಲಿ ಭಾರಮಾಪಕವು ಶುಭಸೂಚಕವಾದ ಸುಳ್ಳನ್ನು ಹೇಳುವುದೆಂದರೆ ಅದನ್ನು ಅಲಕ್ಷಿಸಲಾಗದು. ಕೆಲವು ಉಪಕರಣಗಳಲ್ಲಿ ಭಾರವನ್ನು ಸಮುದ್ರಮಟ್ಟಕ್ಕೆ ಇಳಿಸುವ ಈ ಲೆಕ್ಕವು ಪೆಟ್ಟಿಗೆಯೊಳಗೇ ನಡೆಯುತ್ತದೆ. ಆಗ ಎತ್ತರವನ್ನು ಪೆಟ್ಟಿಗೆಗೆ ತಿಳಿಸಬೇಕು. ಎತ್ತರವೆಂದರೆ ಭಾರವನ್ನು ಅಳೆಯುವ ಸಂವೇದಕದ ಎತ್ತರ. ಯಂತ್ರವು ಆರನೆಯ ಮಹಡಿಯಲ್ಲಿದ್ದರೆ ಆ ಆರು ಮಹಡಿಗಳನ್ನೂ ನೆಲದ ಎತ್ತರಕ್ಕೆ ಕೂಡಿಸಿಕೊಳ್ಳತಕ್ಕದ್ದು.

ಇದಕ್ಕಿಂತಲೂ ವಿಚಾರಾರ್ಹವಾದ ಸಾಲೊಂದು ಗುಣಪರೀಕ್ಷೆಯ ವಿಭಾಗದಲ್ಲಿದೆ. ಸಂವೇದಕಗಳು ಒಮ್ಮೊಮ್ಮೆ ವಿದ್ಯುತ್ತಿನ ಏರುಪೇರಿನಿಂದಲೋ ಸಂಕೇತದ ಅಡಚಣೆಯಿಂದಲೋ ಅಸಂಬದ್ಧವಾದ ಅಂಕೆಗಳನ್ನು ಕಳುಹಿಸುವುದುಂಟು. ಅಂಥವು ದಾಖಲೆಯನ್ನು ಸೇರದಿರಲೆಂದು ಪ್ರತಿಯೊಂದು ಅಳತೆಗೂ ಕನಿಷ್ಠ ಗರಿಷ್ಠ ಮಿತಿಗಳನ್ನು ಕಡತದಲ್ಲಿ ಹೇಳಿರುತ್ತಾರೆ. ರೋಮನ್ ಲಿಪಿಯಲ್ಲಿರುವ ಆ ಸಾಲನ್ನು ಕನ್ನಡ ಲಿಪಿಗೆ ತಂದರೆ ಹೀಗಾಗುತ್ತದೆ: ಔಟ್‌ಟೆಂಪ್ = -40, 120, ಡಿಗ್ರಿ ಎಫ್. ಹೊರಗಿನ ಉಷ್ಣಾಂಶವು ಫ್ಯಾರನ್‌ಹೀಟ್ ಮಾನದಲ್ಲಿ 120ನ್ನು ಮೀರಿದರೆ ಆ ಅಳತೆಯನ್ನು ದೋಷವೆಂದು ಬಗೆದು ತಳ್ಳಿಹಾಕತಕ್ಕದ್ದು ಎಂಬುದು ಅದರ ಅರ್ಥ. 120 ಎಂದರೆ ನಮ್ಮ ಸೆಲ್ಸಿಯಸ್ ಮಾನದಲ್ಲಿ 48.9. ಮಸ್ಕತ್ ಪ್ರಾಂತದಲ್ಲಿಯೇ ಇರುವ ಕುರಿಯಾತ್ ಊರಿನಲ್ಲಿ 2018ರ ಜೂನ್ 26ರಂದು, ಇಪ್ಪತ್ತನಾಲ್ಕು ಗಂಟೆಗಳ ಕಾಲ ಉಷ್ಣಾಂಶವು 42.6 ಡಿಗ್ರಿಗಿಂತ ಕೆಳಗಿಳಿಯದೆ ನಿಂತು ಲೋಕವನ್ನೇ ಬೆರಗುಗೊಳಿಸಿತು. ಅಂದಿನ ಹಗಲಿನ ಗರಿಷ್ಠ 49.8. ಅದಕ್ಕೂ ಹಿಂದಿನ ವರ್ಷ, 2017ರ ಮೇ 30ರಂದು, ಅದೇ ಊರಿನಲ್ಲಿ 50.8 ಡಿಗ್ರಿ ದಾಖಲಾಗಿತ್ತು. ಮೊದಲಿದ್ದ ಮಿತಿಯನ್ನೇ ಉಳಿಸಿಕೊಂಡ ಯಂತ್ರವು ಆ ದಿನಗಳಲ್ಲಿ ಅಲ್ಲಿ ನಿಂತಿದ್ದರೆ, ಯಾವ ಗಳಿಗೆಯನ್ನು ದಾಖಲಿಸಬೇಕಾಗಿತ್ತೋ ಅದೇ ಗಳಿಗೆಯಲ್ಲಿ ನಕ್ಷೆಯ ಗೆರೆ ತುಂಡಾಗಿ, ಶಿಖರವಿರಬೇಕಾದ ಎಡೆಯಲ್ಲಿ ಬರಿದು ಉಳಿಯುತ್ತಿತ್ತು. ಅಂತೆಯೇ ಯಂತ್ರವು ಅಳೆದ ಮೂಲ ವಾಯುಭಾರಕ್ಕೆ ಹೇಳಿರುವ ಕೆಳಮಿತಿ ಪಾದರಸದ 24 ಅಂಗುಲ, ಸುಮಾರು 813 ಹೆಕ್ಟೋಪಾಸ್ಕಲ್. ಒಮಾನಿನ ಜಬಲ್ ಅಖ್ದರ್ ಪರ್ವತದ ಮೇಲೆ ಸುಮಾರು 2000 ಮೀಟರ್ ಎತ್ತರದ ಸೈಕ್ ಪ್ರಸ್ಥಭೂಮಿಯಲ್ಲಿ ಭಾರವು ದಿನನಿತ್ಯವೂ 800ರ ಸುಮಾರಿನಲ್ಲಿರುವುದರಿಂದ, ಅಲ್ಲಿ ಆ ಮಿತಿಯು ಸತ್ಯವಾದ ಅಳತೆಗಳನ್ನೇ ಒಂದೂ ಬಿಡದೆ ತಿರಸ್ಕರಿಸೀತು. ಮಿತಿಯನ್ನು ಗೊತ್ತುಮಾಡುವವನು ತನ್ನ ನೆಲದ ಪರಮಾವಧಿಯನ್ನು ಅರಿತಿರಬೇಕು. ಬೌಷರಿನಲ್ಲಿ ಉಷ್ಣಾಂಶದ ಮೇಲ್ಮಿತಿಯನ್ನು 55 ಡಿಗ್ರಿ ಸೆಲ್ಸಿಯಸ್ ಎಂದು ಬರೆದುಕೊಳ್ಳುವುದು ಯುಕ್ತವಾದೀತು.

ಮಾನಗಳ ವಿಷಯದಲ್ಲಿ ಅವಶ್ಯವಾಗಿ ಅರಿಯಬೇಕಾದ ಭೇದವೊಂದಿದೆ. ದತ್ತಾಂಶವನ್ನು ಶೇಖರಿಸುವ ಮಾನ ಬೇರೆ, ಪರದೆಯ ಮೇಲೆ ತೋರುವ ಮಾನ ಬೇರೆ. ಶೇಖರಣೆಯ ಮಾನವನ್ನು ಮೊದಲ ದಿನವೇ ನಿಶ್ಚಯಿಸಿಕೊಳ್ಳಬೇಕು; ಆಮೇಲೆ ಬರಿಯ ಕಡತದ ತಿದ್ದುಪಡಿಯಿಂದ ಅದನ್ನು ಬದಲಿಸಲಾಗದು. ನಡುವೆ ಬದಲಿಸಲು ಹೊರಟರೆ ಹಳೆಯ ಫ್ಯಾರನ್‌ಹೀಟ್ ಅಂಕೆಗಳೂ ಹೊಸ ಸೆಲ್ಸಿಯಸ್ ಅಂಕೆಗಳೂ ಒಂದೇ ಭಂಡಾರದಲ್ಲಿ ಕಲಬೆರಕೆಯಾಗುವ ಪರಿಸ್ಥಿತಿ ಬರುವುದರಿಂದ ತಂತ್ರಾಂಶವೇ ಅದಕ್ಕೆ ಸಮ್ಮತಿಸುವುದಿಲ್ಲ. ತೋರಿಕೆಯ ಮಾನವನ್ನಾದರೋ ಯಾವಾಗ ಬೇಕಾದರೂ ಬದಲಿಸಬಹುದು. ಗಾಳಿಯ ವೇಗವನ್ನು ಗಂಟೆಗೆ ಕಿಲೋಮೀಟರುಗಳಲ್ಲಿ, ಮಳೆಯನ್ನು ಮಿಲಿಮೀಟರುಗಳಲ್ಲಿ, ಭಾರವನ್ನು ಹೆಕ್ಟೋಪಾಸ್ಕಲ್‌ಗಳಲ್ಲಿ ತೋರಿಸಿಕೊಳ್ಳುವುದು ನಮ್ಮ ಓದುಗನಿಗೆ ಸಹಜ.

ಇನ್ನು ಯಾವುದನ್ನು ತೋರಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ. ತೋರಿಕೆಯ ರೂಪವನ್ನು ನಿರ್ಧರಿಸುವ ಮತ್ತೊಂದು ಕಡತಕ್ಕೆ ಸ್ಕಿನ್ ಡಾಟ್ ಕಾನ್ಫ್ ಎಂದು ಹೆಸರು. ಅದರಲ್ಲಿ ಪರದೆಗೆ ಬರಬೇಕಾದ ಅಳತೆಗಳ ಪಟ್ಟಿಯಿರುತ್ತದೆ. ಆ ಪಟ್ಟಿಯಲ್ಲಿ ಗಾಳಿಯಿಂದ ಚಳಿ ಹೆಚ್ಚಿದಂತೆ ಭಾಸವಾಗುವ ಪ್ರಮಾಣವೂ ಸೇರಿರುವುದುಂಟು. ಹತ್ತು ಡಿಗ್ರಿಗಿಂತ ತಣ್ಣಗಿರುವ ಹವೆಗೆಂದೇ ರಚಿತವಾದ ಆ ಸೂತ್ರಕ್ಕೆ ಬೌಷರಿನಲ್ಲಿ ಪ್ರಾಯಶಃ ಕೆಲಸವೇ ಇಲ್ಲ. ಆ ಒಂದು ಪದವನ್ನು ಅಳಿಸಿ, ಆರ್ದ್ರತೆಯೂ ಸೇರಿ ದೇಹಕ್ಕೆ ಭಾಸವಾಗುವ ಕಾವನ್ನು ಹೇಳುವ ಉಷ್ಣಸೂಚ್ಯಂಕವನ್ನು ಪಟ್ಟಿಯ ತಲೆಗೆ ತರುವುದು ಲೇಸು. ಬೇಸಿಗೆಯಲ್ಲಿ ಕಡಲಿನ ನೀರೇ ಮೂವತ್ತು ಡಿಗ್ರಿಯನ್ನು ಮೀರುವ ಈ ಕರಾವಳಿಯಲ್ಲಿ, ಉಷ್ಣಾಂಶ 36 ಡಿಗ್ರಿ, ಆರ್ದ್ರತೆ ಶೇಕಡಾ 60 ಇದ್ದಾಗ ದೇಹಕ್ಕೆ ಭಾಸವಾಗುವ ಕಾವು ಸುಮಾರು 48 ಡಿಗ್ರಿ. ಉಷ್ಣಾಂಶವೊಂದನ್ನೇ ನೋಡಿ ಮಗುವನ್ನು ಆಟಕ್ಕೆ ಕಳುಹಿಸುವ ತಾಯಿಗೂ, ಸಂಜೆಯ ನಡಿಗೆಗೆ ಹೊರಡುವ ವೃದ್ಧನಿಗೂ ಈ ಎರಡನೆಯ ಸಂಖ್ಯೆಯೇ ಹೆಚ್ಚು ಹಿತವನ್ನು ಹೇಳಬಲ್ಲುದು. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನ 12:30ರಿಂದ 3:30ರವರೆಗೆ ಬಯಲಿನಲ್ಲಿ ದುಡಿಸಕೂಡದೆಂದು ಒಮಾನಿನ ಕಾರ್ಮಿಕ ನಿಯಮವು ನಿಷೇಧಿಸಿರುವುದರ ಹಿಂದಿರುವ ಕಳಕಳಿಯೂ ಇದೇ. ಆ ಹೊತ್ತಿನ ಉಷ್ಣಸೂಚ್ಯಂಕವನ್ನು ದಿನದ ನಕ್ಷೆಯಲ್ಲಿ ಎದ್ದು ಕಾಣುವಂತೆ ಮಾಡಿಟ್ಟರೆ, ನಿಯಮದ ಅವಧಿ ಮುಗಿದ ಮೇಲೂ ಕಾವು ಎಷ್ಟು ಹೊತ್ತು ಉಳಿಯುತ್ತದೆಂಬುದನ್ನು ಯಾರಾದರೂ ಅರಿಯಬಹುದು.

ಮಳೆಯ ವಿಚಾರದಲ್ಲಿ ನಮ್ಮ ನಾಡಿಗೂ ಈ ನಾಡಿಗೂ ಇರುವ ಅಂತರವು ಅಜಗಜದಷ್ಟು. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಪ್ರಮಾಣದಲ್ಲಿ ಸುರಿಯುವ ಮಳೆ, ಮಸ್ಕತ್ತಿನಲ್ಲಿ ನೂರರ ಆಸುಪಾಸು. ದಿನದಿನದ ಮಳೆಯ ನಕ್ಷೆಯನ್ನು ಬೌಷರಿನ ಪರದೆಯಲ್ಲಿ ಇಟ್ಟುಕೊಂಡರೆ ತಿಂಗಳುಗಟ್ಟಲೆ ಬರಿಯ ಚೌಕಟ್ಟು ಕಾಣುವುದಾದ್ದರಿಂದ, ಆ ಸ್ಥಳದಲ್ಲಿ ವರ್ಷದ ನಕ್ಷೆಯನ್ನು ಇರಿಸುವುದು ಉಚಿತ. ವರ್ಷವೆಂದರೆ ಯಾವುದು? ಕಡತವು ಜನವರಿಯಿಂದ ಮಳೆವರ್ಷವನ್ನು ಎಣಿಸುತ್ತದೆ. ಮಸ್ಕತ್ತಿನ ಅಲ್ಪಸ್ವಲ್ಪ ಮಳೆಯ ಬಹುಭಾಗವು ಪಶ್ಚಿಮದಿಂದ ಬರುವ ಮಾರುತಗಳ ದೆಸೆಯಿಂದ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೀಳುವುದಾದ ಕಾರಣ, ಆ ಎಣಿಕೆಯು ಒಂದೇ ಮಳೆಗಾಲವನ್ನು ನಡುವೆ ಸೀಳಿ ಎರಡು ವರ್ಷಗಳಿಗೆ ಹಂಚಿಬಿಡುತ್ತದೆ. ಮಳೆವರ್ಷದ ಆರಂಭವನ್ನು ಇಲ್ಲಿ ಜುಲೈ ಎಂದೂ ಕರ್ನಾಟಕದಲ್ಲಿ ಜೂನ್ ಎಂದೂ ಬರೆದುಕೊಂಡರೆ ಆಯಾ ನೆಲದ ಮಳೆಗಾಲವು ಇಡಿಯಾಗಿ ಉಳಿಯುತ್ತದೆ. ತಾಯ್ನಾಡಿನ ಅಂಕೆಗಳೊಡನೆ ಹೋಲಿಸಬಯಸುವವರು ಇನ್ನೊಂದು ಅಂಶವನ್ನು ನೆನಪಿನಲ್ಲಿಡಬೇಕು: ಭಾರತದಲ್ಲಿ ದಿನದ ಮಳೆಯನ್ನು ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗೆ ಲೆಕ್ಕಹಾಕುವುದು ಪದ್ಧತಿ, ತಂತ್ರಾಂಶವು ನಡುರಾತ್ರಿಯಿಂದ ನಡುರಾತ್ರಿಗೆ ಎಣಿಸುತ್ತದೆ. 1988ರಲ್ಲಿ ಬರಗಾಲದ ಉಸ್ತುವಾರಿಗಾಗಿ ಆರಂಭಗೊಂಡು ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಕರ್ನಾಟಕದ ಸಂಸ್ಥೆಯು, ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟು ಹದಿನೈದು ನಿಮಿಷಕ್ಕೊಮ್ಮೆ ವರದಿ ತರಿಸಿಕೊಳ್ಳುತ್ತಿರುವುದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ. ಆ ಅಂಕೆಗಳನ್ನು ಮನೆಯ ಅಂಕೆಗಳ ಪಕ್ಕದಲ್ಲಿಡುವ ಮುನ್ನ ಎರಡರ ದಿನವೂ ಒಂದೇ ಹೊತ್ತಿಗೆ ಹುಟ್ಟುವುದೇ ಎಂದು ಪರಿಶೀಲಿಸಬೇಕು.

ಕಾಲಗಣನೆಯ ಮಾತು ಬಂದಾಗ ಒಮಾನಿನ ಜನರ ಪರಂಪರೆಯನ್ನು ಸ್ಮರಿಸದೆ ಇರಲಾಗದು. ಫಲಜ್‌ನ ನೀರನ್ನು ತೋಟಗಳಿಗೆ ಹಂಚಿಕೊಳ್ಳಲು ಹಗಲಿನಲ್ಲಿ ನೆರಳುಗಡಿಯಾರವನ್ನೂ ಇರುಳಿನಲ್ಲಿ ನಕ್ಷತ್ರಗಳ ಚಲನೆಯನ್ನೂ ಆಧರಿಸುತ್ತಿದ್ದ ಈ ಪದ್ಧತಿಗೆ ಸಂಬಂಧಿಸಿದ ಐದು ಫಲಜ್‌ಗಳನ್ನು ಯುನೆಸ್ಕೊ ಸಂಸ್ಥೆಯು 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅರಬರು ಸುಹೈಲ್ ಎಂದು ಕರೆಯುವ ನಕ್ಷತ್ರವು ಆಗಸ್ಟ್ ತಿಂಗಳ ಕೊನೆಯ ಹೊತ್ತಿಗೆ ಬೆಳಗಿನ ಜಾವದ ತೆಂಕಣ ಬಾನಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಾಗ ಬೇಸಿಗೆಯ ಉಗ್ರತೆ ಮುರಿಯಿತೆಂದು ಕೊಲ್ಲಿಯ ಜನರು ಸಂತೋಷಪಡುತ್ತಾರೆ. ಆ ನಕ್ಷತ್ರವೇ ನಮ್ಮ ಅಗಸ್ತ್ಯ. ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಎಣಿಸುವ ನಮ್ಮ ರೈತನಿಗೆ ಈ ಭಾವನೆ ಅಪರಿಚಿತವಲ್ಲ. ಖಗೋಳ ಗಣಿತದ ಒಂದು ಸಹಾಯಕ ಘಟಕವನ್ನು ಜೊತೆಗೂಡಿಸಿದರೆ ವೀಡಬ್ಲ್ಯುಎಕ್ಸ್ ಸೂರ್ಯಚಂದ್ರರ ಜೊತೆಗೆ ಉಜ್ಜ್ವಲ ನಕ್ಷತ್ರಗಳ ಉದಯದ ವೇಳೆಯನ್ನೂ ಗಣಿಸಿಕೊಡಬಲ್ಲುದು. ಸೂರ್ಯೋದಯದ ಪಕ್ಕದಲ್ಲಿ ಅಗಸ್ತ್ಯೋದಯದ ವೇಳೆಯನ್ನು ತೋರುವ ಒಂದು ಸಾಲನ್ನು ಸೇರಿಸಿ, ಆ ವಾರಗಳಲ್ಲಿ ಉಷ್ಣಾಂಶದ ಗೆರೆ ನಿಜವಾಗಿಯೂ ಬಾಗುತ್ತದೆಯೇ ಎಂದು ಮಕ್ಕಳಿಂದ ಪರೀಕ್ಷೆ ಮಾಡಿಸುವುದಕ್ಕಿಂತ ಸೊಗಸಾದ ವಿಜ್ಞಾನಪಾಠ ಬೇರೊಂದಿರಲಾರದು.

ಕನ್ನಡದಲ್ಲಿ ಈ ಪರದೆಯನ್ನು ಓದಬೇಕೆಂಬ ಅಭಿಲಾಷೆಯೂ ನೆರವೇರದಂಥದಲ್ಲ. ಪದಗಳನ್ನೆಲ್ಲ ಪ್ರತ್ಯೇಕವಾದೊಂದು ಭಾಷಾಕಡತದಲ್ಲಿ ಇಟ್ಟಿರುವುದರಿಂದ, ಅದರ ಒಂದು ಪ್ರತಿಯನ್ನು ಮಾಡಿಕೊಂಡು ಸಮಚಿಹ್ನೆಯ ಬಲಭಾಗದಲ್ಲಿ ಹೊರಗಿನ ಉಷ್ಣಾಂಶ, ಇಬ್ಬನಿ ಬಿಂದು, ಗಾಳಿಯ ರಭಸ ಎಂದು ಬರೆಯುತ್ತ ಹೋದರಾಯಿತು. ಎಡಭಾಗದ ಹೆಸರುಗಳನ್ನು ಮಾತ್ರ ಮುಟ್ಟಕೂಡದು. ದಿಕ್ಕುಗಳಿಗೆ ಹದಿನೇಳು ಪದಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಕೊಡಬೇಕಾಗುತ್ತದೆ: ಹದಿನಾರು ದಿಕ್ಕುಗಳು, ಹದಿನೇಳನೆಯದು ಗಾಳಿ ನಿಂತು ದಿಕ್ಕು ತಿಳಿಯದಿರುವಾಗಿನದು. ಕಡತವನ್ನು ಯೂನಿಕೋಡಿನ ಯುಟಿಎಫ್-8 ವಿಧಾನದಲ್ಲಿ ಉಳಿಸುವುದು ಕಡ್ಡಾಯ. ಇಷ್ಟಾದ ಮೇಲೂ ನಕ್ಷೆಗಳ ಮೇಲೆ ಅಕ್ಷರಗಳಿಗೆ ಬದಲಾಗಿ ಖಾಲಿ ಚೌಕಗಳು ಮೂಡಿದರೆ ಧೃತಿಗೆಡಬೇಕಾಗಿಲ್ಲ. ನಕ್ಷೆಯನ್ನು ತಂತ್ರಾಂಶವು ಚಿತ್ರವಾಗಿ ಬರೆಯುವಾಗ ಬಳಸುವ ಅಕ್ಷರಶೈಲಿಯಲ್ಲಿ ಕನ್ನಡವಿಲ್ಲವೆಂಬುದೇ ಅದರ ಕಾರಣ. ಸ್ಕಿನ್ ಡಾಟ್ ಕಾನ್ಫ್‌ನಲ್ಲಿ ಅಕ್ಷರಶೈಲಿಯ ದಾರಿಯನ್ನು ಹೇಳುವ ಸಾಲುಗಳಿಗೆ ನೋಟೋ ಸ್ಯಾನ್ಸ್ ಕನ್ನಡದಂತಹ ಶೈಲಿಯನ್ನು ಕೊಡಬೇಕು. ಆಗಲೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಿಸಿಕೊಂಡರೆ, ಚಿತ್ರಗಳನ್ನು ರಚಿಸುವ ಪಿಲ್ಲೊ ಎಂಬ ಘಟಕಕ್ಕೆ ಅಕ್ಷರಗಳನ್ನು ಜೋಡಿಸುವ ರಾಕ್ಮ್ ಎಂಬ ಸಹಾಯಕವನ್ನು ಒದಗಿಸಬೇಕಾಗುತ್ತದೆ.

ಈ ಕಾರ್ಯದಲ್ಲಿ ಪಾಲಿಸತಕ್ಕ ಶಿಸ್ತು ಸರಳವಾದದ್ದು. ಏನನ್ನಾದರೂ ಬದಲಿಸುವ ಮುನ್ನ ಕಡತದ ಒಂದು ಪ್ರತಿಯನ್ನು ತೆಗೆದಿಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲವನ್ನು ನೋಡಬೇಕು. ಸ್ಕಿನ್ ಕಡತದ ಬದಲಾವಣೆ ಮುಂದಿನ ವರದಿಯ ಹೊತ್ತಿಗೆ ತಾನಾಗಿ ಜಾರಿಗೆ ಬರುತ್ತದೆ. ಮುಖ್ಯ ಕಡತವನ್ನು ತಿದ್ದಿದಾಗ ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಪ್ರಾರಂಭಿಸಬೇಕು. ತೋರಿಕೆಯ ಬದಲಾವಣೆಗಳನ್ನೂ ಆದಷ್ಟು ಮಟ್ಟಿಗೆ ಮುಖ್ಯ ಕಡತದ ವರದಿ ವಿಭಾಗದಲ್ಲಿಯೇ ಬರೆದಿಟ್ಟರೆ, ತಂತ್ರಾಂಶದ ಹೊಸ ಆವೃತ್ತಿ ಬಂದಾಗ ನಮ್ಮ ಶ್ರಮ ಅಳಿಸಿಹೋಗದೆ ಉಳಿಯುತ್ತದೆ. ಸಂವೇದಕದ ಸಣ್ಣಪುಟ್ಟ ವ್ಯತ್ಯಾಸವನ್ನು ಕೂಡಿಸಿ ಕಳೆದು ಸರಿಪಡಿಸುವ ವಿಭಾಗವೂ ಉಂಟು. ಆದರೆ ಬಿಸಿಲಿಗೆ ಕಾದ ಕಾಂಕ್ರೀಟಿನ ಪಕ್ಕದಲ್ಲಿ, ಹವಾನಿಯಂತ್ರಕದ ಬಿಸಿಯುಸಿರಿಗೆ ಎದುರಾಗಿ ನಿಲ್ಲಿಸಿದ ಉಷ್ಣಮಾಪಕವನ್ನು ಯಾವ ಅಂಕೆಯೂ ಉದ್ಧರಿಸಲಾರದು. ಮರಳದಿಣ್ಣೆಗಳಿಂದ ಹಾರಿಬಂದ ಧೂಳು ಮಳೆಮಾಪಕದ ಕಂಡಿಯನ್ನು ಮುಚ್ಚಿದ್ದರೆ, ಅಪರೂಪಕ್ಕೆ ಬರುವ ಮಳೆಯೂ ಲೆಕ್ಕಕ್ಕೆ ಬಾರದೆ ಹೋದೀತು. ಅದನ್ನು ಕೈಯಿಂದಲೇ ಶುಚಿಮಾಡಬೇಕು. ವಾದಿಗಳೆಂಬ ಒಣಹಳ್ಳಗಳಲ್ಲಿ ಪ್ರವಾಹವೇರುವಂಥ ಆಪತ್ಕಾಲದಲ್ಲಿ ನಾಗರಿಕ ವಿಮಾನಯಾನ ಪ್ರಾಧಿಕಾರದ ಹವಾಮಾನ ವಿಭಾಗವು ಕೊಡುವ ಎಚ್ಚರಿಕೆಯನ್ನೇ ಪ್ರಮಾಣವೆಂದು ನಂಬತಕ್ಕದ್ದು. ಮನೆಯ ಯಂತ್ರವಿರುವುದು ತನ್ನ ಮಾಳಿಗೆಯ ಸ್ಥಿತಿಯನ್ನು ತಿಳಿಯಲು.

ಕೊನೆಯದಾಗಿ ಒಂದು ಕರ್ತವ್ಯವನ್ನು ಒತ್ತಿ ಹೇಳಬೇಕು. ಕಡತದಲ್ಲಿ ಹ್ಯಾಷ್ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ಯಂತ್ರವು ಓದುವುದಿಲ್ಲ. ಅದು ಮನುಷ್ಯರಿಗಾಗಿಯೇ ಬಿಟ್ಟ ಜಾಗ. ಮೇಲ್ಮಿತಿಯನ್ನು 55ಕ್ಕೆ ಏಕೆ ಏರಿಸಿದೆವು, ಯಂತ್ರವು ಯಾವ ದಿನ ಯಾವ ಮಹಡಿಯಿಂದ ಯಾವ ಮಹಡಿಗೆ ಹೋಯಿತು, ಮಳೆವರ್ಷವನ್ನು ಜುಲೈಯಿಂದ ಏಕೆ ಎಣಿಸಿದೆವು, ಇವನ್ನೆಲ್ಲ ದಿನಾಂಕಸಹಿತವಾಗಿ, ಕನ್ನಡದಲ್ಲಿಯೇ ಆದರೂ ಸರಿ, ಅಲ್ಲಿ ಬರೆದಿಡಬೇಕು. ಕೊಲ್ಲಿಯ ನಾಡಿನಲ್ಲಿ ಮನೆ ಬದಲಾಗುತ್ತದೆ, ಉದ್ಯೋಗ ಬದಲಾಗುತ್ತದೆ, ಒಂದು ದಿನ ಸಂಸಾರವೇ ಊರಿಗೆ ಮರಳುತ್ತದೆ. ಹಿಂದೆ ಉಳಿಯುವ ಸಾವಿರಾರು ಅಂಕೆಗಳು ಯಾವ ನೆಲೆಯಲ್ಲಿ, ಯಾವ ಎತ್ತರದಲ್ಲಿ, ಯಾವ ಮಿತಿಗಳೊಳಗೆ ಅಳೆದವೆಂಬುದು ತಿಳಿಯದಿದ್ದರೆ ಅವುಗಳಿಂದ ಯಾರಿಗೂ ಪ್ರಯೋಜನವಿಲ್ಲ. ತಿಳಿದಿದ್ದರೆ, ಹತ್ತು ವರ್ಷಗಳ ಮೇಲೆ ಬೌಷರಿನ ಕಾವು ಏರಿತೇ ಇಳಿಯಿತೇ ಎಂದು ಕೇಳುವವನಿಗೆ ಆ ಮಾಳಿಗೆಯ ದಾಖಲೆಯೂ ಒಂದು ನಂಬತಕ್ಕ ಸಾಕ್ಷಿಯಾಗಿ ನಿಲ್ಲುತ್ತದೆ. ಆದಕಾರಣ ಅಂಕೆಗಳನ್ನು ಎಷ್ಟು ಜೋಪಾನವಾಗಿ ಕಾಪಾಡುತ್ತೇವೋ ಅಷ್ಟೇ ಜೋಪಾನವಾಗಿ ಸಂರಚನಾ ಕಡತವನ್ನೂ ಅವುಗಳ ಜೊತೆಗೆ ಕಾಪಾಡಿ, ಯಂತ್ರವನ್ನು ಮುಂದೆ ವಹಿಸಿಕೊಳ್ಳುವವರ ಕೈಗೆ ಎರಡನ್ನೂ ಒಟ್ಟಿಗೆ ಒಪ್ಪಿಸತಕ್ಕದ್ದು.